ಅಂಗೈ ನೋಡುವ ಹೊತ್ತು, ದಾರಿ ನೋಡುವ ಹೊತ್ತು



ಯುಗಾದಿ ಸಮೀಪಿಸುತ್ತಿದ್ದಂತೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಊರುಗಳಲ್ಲಿ ಶ್ರೀಶೈಲ ಪಾದಯಾತ್ರೆಯ ಮಾತು ಆರಂಭವಾಗುತ್ತದೆ. ಮಲ್ಲಯ್ಯನ ಕಂಬಿ ಹೊರುವವರು ಯಾರು, ದಾಸೋಹದ ಗಾಡಿ ಯಾರದು, ರೊಟ್ಟಿ ಎಷ್ಟು ಕಟ್ಟಬೇಕು, ಶೇಂಗಾ ಚಟ್ನಿ ಎಷ್ಟು ಕುಟ್ಟಬೇಕು ಎಂಬ ವಿಚಾರಗಳೆಲ್ಲ ಪ್ರತಿವರ್ಷದವೇ. ಈ ಸಲದ ಶಿವಾನುಭವ ಗೋಷ್ಠಿಯಲ್ಲಿ ಇವುಗಳ ಜೊತೆಗೆ ಇನ್ನೊಂದು ವಿಷಯ ಬಂದಿತು. ಅದು ನಡೆಯುವವರ ಕೈಯಲ್ಲಿರುವ ಮೊಬೈಲ್ ಫೋನು. ಹಿರಿಯರು ಕೆಲವರು “ಯಾತ್ರೆಗೆ ಫೋನೇ ಬ್ಯಾಡ್ರಿ” ಎಂದರು. ಹುಡುಗರು “ಫೋನ್ ಇಲ್ಲದ ಮನಿಗೆ ಸುದ್ದಿ ಹ್ಯಾಂಗ ಮುಟ್ಟಿಸೂದ್ರಿ?” ಎಂದರು. ಎರಡೂ ಮಾತಿನಲ್ಲಿ ಹುರುಳಿತ್ತು. ಪರಮಪೂಜ್ಯರು ಎಲ್ಲವನ್ನೂ ಕೇಳಿ, ಫೋನ್ ಇರಲಿ, ಆದರೆ ಅದು ಅಂಗೈಗೆ ಬರುವ ಹೊತ್ತು ಯಾವುದು, ಬರಬಾರದ ಹೊತ್ತು ಯಾವುದು ಎಂಬುದನ್ನು ಶರಣಮಾರ್ಗದ ಬೆಳಕಿನಲ್ಲಿ ವಿಚಾರಿಸಬೇಕೆಂದು ಅಪ್ಪಣೆ ಕೊಡಿಸಿದರು. ಆ ಅಪ್ಪಣೆಯ ಮೇರೆಗೆ ಗೋಷ್ಠಿಯಲ್ಲಿ ನಿವೇದಿಸಿದ ಮಾತುಗಳನ್ನು ಬರಲಾಗದ ಭಕ್ತರಿಗಾಗಿ ಇಲ್ಲಿ ಕೊಡಲಾಗಿದೆ.

ನಮಗೆ ಅಂಗೈ ಎಂದರೆ ಬರಿಯ ಕೈಯಲ್ಲ, ಅದು ಪೂಜಾಪೀಠ. ಗುರುವು ದೀಕ್ಷೆಯಲ್ಲಿ ಇಷ್ಟಲಿಂಗವನ್ನು ಕರುಣಿಸುವುದು ಅಂಗೈಗೆ. ದಿನವೂ ಸ್ನಾನ ಮಾಡಿ, ವಿಭೂತಿ ಧರಿಸಿ, ಆಸನದ ಮೇಲೆ ಕುಳಿತು, ಎಡಗೈಯಲ್ಲಿ ಲಿಂಗವನ್ನಿಟ್ಟು ಅರೆತೆರೆದ ಕಣ್ಣಿನಿಂದ ನೋಡುತ್ತೇವೆ. ಹಣತೆಯ ಬೆಳಕು ಲಿಂಗದ ಕಪ್ಪು ಕಂತೆಯ ಮೇಲೆ ಒಂದು ಚುಕ್ಕೆಯಾಗಿ ಮೂಡುತ್ತದೆ. ಆ ಚುಕ್ಕೆಯಲ್ಲಿ ದೃಷ್ಟಿ ನಿಂತಾಗ ಮನಸ್ಸು ನಿಲ್ಲುತ್ತದೆ, ಮನಸ್ಸು ನಿಂತಾಗ ಹೊರಗಿನ ಲೋಕ ತಾನಾಗಿಯೇ ಮರೆಯಾಗುತ್ತದೆ. ಹೀಗೆ ಲೋಕ ಮರೆಯಾಗಲೆಂದೇ ನಾವು ಕುಳಿತಿರುತ್ತೇವೆ.

ಈಗ ವಿಚಾರ ಮಾಡಿರಿ. ಅದೇ ಅಂಗೈಯಲ್ಲಿ, ಅದೇ ಎತ್ತರದಲ್ಲಿ, ಅದೇ ಬಾಗಿದ ಕೊರಳಿನಿಂದ ಇಂದು ನಾವು ನೋಡುತ್ತಿರುವುದು ಏನನ್ನು? ಅಲ್ಲಿಯೂ ಬೆಳಕಿದೆ, ಅಲ್ಲಿಯೂ ದೃಷ್ಟಿ ನಿಲ್ಲುತ್ತದೆ, ಅಲ್ಲಿಯೂ ಲೋಕ ಮರೆಯಾಗುತ್ತದೆ. ಅಂಗೈಯ ಮೇಲೆ ಕಣ್ಣು ನೆಟ್ಟರೆ ಸುತ್ತಲಿನ ಲೋಕ ಮರೆಯಾಗುವುದೆಂಬುದನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಬಲ್ಲರು. ಬಲ್ಲವರಾದ್ದರಿಂದಲೇ ಅದಕ್ಕೊಂದು ಜಾಗ ಮಾಡಿಕೊಟ್ಟರು, ಒಂದು ಹೊತ್ತು ಗೊತ್ತುಪಡಿಸಿದರು. ಪೂಜೆ ಮುಗಿದ ಮೇಲೆ ಲಿಂಗವು ಎಲ್ಲಿಗೆ ಹೋಗುತ್ತದೆ? ವಸ್ತ್ರಕ್ಕೆ, ಕರಡಿಗೆಗೆ, ಎದೆಯ ಮೇಲಕ್ಕೆ. ಲಿಂಗವನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾ ಯಾರಾದರೂ ಸಂತೆಗೆ ಹೋಗುತ್ತಾರೆಯೆ? ಅಡತಿ ಅಂಗಡಿಯ ಮುಂದಿನ ರಸ್ತೆ ದಾಟುತ್ತಾರೆಯೆ? ಲಿಂಗಕ್ಕೇ ಇಲ್ಲದ ರಿಯಾಯಿತಿಯನ್ನು ಫೋನಿಗೆ ಕೊಡುವುದು ಯಾವ ನ್ಯಾಯ?

ಷಟ್‌ಸ್ಥಲದಲ್ಲಿ ಆರು ಬಗೆಯ ಭಕ್ತಿಯನ್ನು ಹೇಳಲಾಗಿದೆ. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಮೂರನೆಯದಾದ ಪ್ರಸಾದಿಸ್ಥಲಕ್ಕೆ ಅವಧಾನ. ಮುಂದಿನ ಮೂರನ್ನು ಇನ್ನೊಮ್ಮೆ ನೋಡೋಣ. ಶ್ರದ್ಧೆ ನಮ್ಮಲ್ಲಿ ಧಾರಾಳವಾಗಿದೆ, ನಿಷ್ಠೆಯೂ ಅಷ್ಟಿಷ್ಟು ಇದೆ. ಅವಧಾನದ ಮಾತು ಬಂದಾಗ ಮಾತ್ರ ಅದು ಯಾರೋ ದೊಡ್ಡ ಅನುಭಾವಿಗಳಿಗೆ ಸೇರಿದ್ದೆಂದು ಸುಮ್ಮನಾಗಿಬಿಡುತ್ತೇವೆ. ಅವಧಾನವೆಂದರೆ ಎಚ್ಚರ. ಕಣ್ಣಿಗೆ ಬಂದ ರೂಪವನ್ನು, ಕಿವಿಗೆ ಬಂದ ಶಬ್ದವನ್ನು, ಮೈಗೆ ಬಂದ ಸ್ಪರ್ಶವನ್ನು ಮರೆವಿನಿಂದ ಕೊಳ್ಳದೆ, ಅರಿವಿನಿಂದ ಮೊದಲು ಲಿಂಗಕ್ಕೆ ಅರ್ಪಿಸಿ ಆಮೇಲೆ ತಾನು ಕೊಳ್ಳುವವನೇ ಪ್ರಸಾದಿ. ಕಣ್ಣಿನಲ್ಲಿ ಶಿವಲಿಂಗ, ಕಿವಿಯಲ್ಲಿ ಪ್ರಸಾದಲಿಂಗ ನೆಲೆಸಿದೆಯೆಂದು ಹಿರಿಯರು ಹೇಳಿದ್ದಾರೆ. ಹಾಗಿರುವಾಗ ಕಣ್ಣನ್ನು ಪರದೆಗೆ ಒತ್ತೆ ಇಟ್ಟು, ಕಿವಿಗಳೆರಡಕ್ಕೂ ಬಿರಡೆ ಹಾಕಿಕೊಂಡು ಹೆದ್ದಾರಿಯಲ್ಲಿ ನಡೆಯುವವನು ಏನನ್ನು ಅರ್ಪಿಸುತ್ತಾನೆ? ಅವನಿಗೆ ಬಂದದ್ದೇ ಗೊತ್ತಿಲ್ಲ. ಬಂದದ್ದು ಲಾರಿಯೋ, ಗುಂಡಿಯೋ, ಎದುರಿನಿಂದ ಬಂದ ಹಿರಿಯರ ಶರಣಾರ್ಥಿಯೋ!

ಇದನ್ನು ಕೆಲವರು ಕುರುಡು ನಡಿಗೆ ಎಂದು ಹೇಳುವುದುಂಟು. ಆ ಮಾತು ಸರಿಯಲ್ಲ. ಕಣ್ಣಿಲ್ಲದವರು ಕೋಲು ಊರಿ, ಕಿವಿಗೊಟ್ಟು, ಪಾದದಿಂದ ನೆಲವನ್ನು ಅರಿಯುತ್ತ ನಡೆಯುತ್ತಾರೆ. ಅವರ ಒಂದೊಂದು ಹೆಜ್ಜೆಯೂ ಅವಧಾನ. ಅವರಿಗೆ ನಮ್ಮನ್ನು ಹೋಲಿಸಿ ಅವರ ಗೌರವ ಕಳೆಯಬಾರದು.

ಭಕ್ತರಲ್ಲಿ ವ್ಯಾಪಾರಸ್ಥರು ಬಹಳ, ಆದ್ದರಿಂದ ಸ್ವಲ್ಪ ಲೆಕ್ಕವನ್ನೂ ಹೇಳುತ್ತೇನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ. ಒಂದು ಸಣ್ಣ ಸಂದೇಶ ಓದಲು 5 ಸೆಕೆಂಡ್ ಹಿಡಿಯಿತೆನ್ನಿ. ಅಷ್ಟರಲ್ಲಿ ನೀವು ಇಟ್ಟದ್ದು ಎಂಟು ಹೆಜ್ಜೆ, ಗಾಡಿ ಬಂದದ್ದು 80 ಮೀಟರಿಗೂ ಹೆಚ್ಚು. ನೀವು ತಲೆ ತಗ್ಗಿಸಿದಾಗ ದೂರದಲ್ಲಿದ್ದದ್ದು ತಲೆ ಎತ್ತಿದಾಗ ಎದುರಿಗೇ ನಿಂತಿರುತ್ತದೆ. ನಾಲ್ಕು ಪಥದ ರಸ್ತೆಯ ಒಂದು ಬದಿ, ಅಂದರೆ ಎರಡು ಪಥ, ಸುಮಾರು 7 ಮೀಟರ್ ಅಗಲ. ಸಾಧಾರಣ ನಡಿಗೆಯಲ್ಲಿ ದಾಟಲು 6 ಸೆಕೆಂಡ್ ಬೇಕು. ವಯಸ್ಸಾದವರಿಗೆ, ತಲೆಯ ಮೇಲೆ ಗಂಟು ಹೊತ್ತ ತಾಯಂದಿರಿಗೆ ಇನ್ನೂ ಹೆಚ್ಚು. 80 ಕಿಲೋಮೀಟರ್ ವೇಗದ ಕಾರು ಆ 6 ಸೆಕೆಂಡಿನಲ್ಲಿ 130 ಮೀಟರ್ ದಾಟಿ ಬರುತ್ತದೆ. ಈ ವ್ಯವಹಾರದಲ್ಲಿ ಉದ್ರಿ ಇಲ್ಲ. ಒಂದು ಸೆಕೆಂಡನ್ನೂ ನಾಳೆ ಕೊಡುತ್ತೇನೆ ಎನ್ನುವಂತಿಲ್ಲ.

ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಜನ. ಅವರಲ್ಲಿ ತಮ್ಮ ಪಾಡಿಗೆ ತಾವು ನಡೆದು ಹೋಗುತ್ತಿದ್ದವರೇ 32,825. ಭಾಗಿಸಿ ನೋಡಿದರೆ ದಿನಕ್ಕೆ ತೊಂಬತ್ತು ಜೀವ. ಇವರೆಲ್ಲ ಫೋನ್ ನೋಡುತ್ತಿದ್ದವರೆಂದು ಯಾರೂ ತಿಳಿಯಬಾರದು. ಅತಿವೇಗವೇ ಎಲ್ಲಕ್ಕಿಂತ ದೊಡ್ಡ ಕಾರಣವೆಂದು ಅದೇ ವರದಿ ಹೇಳುತ್ತದೆ. ಆದರೆ ವೇಗದ ಗಾಡಿಯ ಎದುರು ಬರಿಗಾಲಲ್ಲಿ ನಡೆಯುವವನಿಗೆ ಇರುವ ಬಂಡವಾಳ ಎರಡೇ, ಕಣ್ಣು ಮತ್ತು ಕಿವಿ. ಅದನ್ನೂ ಬೇರೆ ಖಾತೆಗೆ ಹಾಕಿಬಿಟ್ಟರೆ ಉಳಿಯುವುದೇನು?

ನಮ್ಮ ಸೊಲ್ಲಾಪುರ–ವಿಜಯಪುರ ರಸ್ತೆಯನ್ನೇ ನೋಡಿರಿ. 2021ರ ಫೆಬ್ರುವರಿಯಲ್ಲಿ ಅದನ್ನು ನಾಲ್ಕು ಪಥ ಮಾಡುವಾಗ 25.54 ಕಿಲೋಮೀಟರ್ ಉದ್ದದ ಒಂದು ಪಥಕ್ಕೆ 18 ಗಂಟೆಯಲ್ಲಿ ಡಾಂಬರು ಹಾಕಿದರೆಂದು ದೇಶವೆಲ್ಲ ಕೊಂಡಾಡಿತು. ರಸ್ತೆ 18 ಗಂಟೆಯಲ್ಲಿ ಹೊಸದಾಯಿತು. ನಮ್ಮ ನಡಿಗೆಯ ರೂಢಿ ಮಾತ್ರ ಎತ್ತಿನ ಗಾಡಿಯ ಕಾಲದ್ದೇ ಉಳಿದಿದೆ. ಎತ್ತು ತಾನೇ ನಿಲ್ಲುತ್ತಿತ್ತು, ಎದುರಿಗೆ ಮನುಷ್ಯನಿದ್ದಾನೆಂದು ಅದಕ್ಕೆ ಗೊತ್ತಾಗುತ್ತಿತ್ತು.

ಗೋಷ್ಠಿಯಲ್ಲಿ ಒಬ್ಬ ತರುಣ ಶರಣರು ಒಳ್ಳೆಯ ಪ್ರಶ್ನೆ ಕೇಳಿದರು. “ಪರದೆ ನೋಡೂದು ತಪ್ಪು, ಒಪ್ಪತೀನ್ರಿ. ಬರೇ ಮಾತಾಡಕೋತ ಹ್ವಾದ್ರ ಏನಾಗತದ? ಕಣ್ಣು ರಸ್ತಾದ ಮ್ಯಾಲೆ ಇರತಾವಲ್ರಿ?” ಇದಕ್ಕೆ ಅಮೇರಿಕೆಯ ಒಂದು ಪ್ರಯೋಗವನ್ನು ಹೇಳಬೇಕು. ಅಲ್ಲಿನ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಐರಾ ಹೈಮನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಡನೆ ನಡೆಸಿ 2010ರ ಸುಮಾರಿಗೆ ಪ್ರಕಟಿಸಿದ ಪ್ರಯೋಗವದು. ಜನ ಓಡಾಡುವ ಚೌಕದಲ್ಲಿ ಸರ್ಕಸ್ಸಿನ ಜೋಕರನ ವೇಷದ ಒಬ್ಬನನ್ನು ಒಂದೇ ಗಾಲಿಯ ಸೈಕಲ್ಲಿನ ಮೇಲೆ ತಿರುಗಾಡಲು ಬಿಟ್ಟರು. ಚೌಕ ದಾಟಿ ಬಂದವರನ್ನು ನಿಲ್ಲಿಸಿ, ಜೋಕರನನ್ನು ಕಂಡಿರಾ ಎಂದು ಕೇಳಿದರು. ಫೋನಿನಲ್ಲಿ ಮಾತನಾಡುತ್ತ ಬಂದವರಲ್ಲಿ ಕಂಡವರು ನೂರಕ್ಕೆ 25 ಜನ ಮಾತ್ರ! ಅವರ ಕಣ್ಣು ತೆರೆದೇ ಇತ್ತು, ಜೋಕರ ಅವರ ಕಣ್ಣೆದುರೇ ಹಾದುಹೋಗಿದ್ದ. ಕಣ್ಣು ನೋಡಿತು, ಮನಸ್ಸು ಕಾಣಲಿಲ್ಲ. ನೋಡುವುದು ಬೇರೆ, ಕಾಣುವುದು ಬೇರೆ ಎಂದು ಶರಣರು ಹೇಳಿದ್ದನ್ನೇ ಆ ಪ್ರಯೋಗ ಅಂಕಿಯಲ್ಲಿ ತೋರಿಸಿತು.

ಆ ಪ್ರಯೋಗದಲ್ಲಿ ನಮಗೆ ಇನ್ನೂ ಮುಖ್ಯವಾದ ಮಾತೊಂದಿದೆ. ಒಬ್ಬಂಟಿಯಾಗಿ ಸುಮ್ಮನೆ ಬಂದವರಲ್ಲಿ ಅರ್ಧದಷ್ಟು ಜನ ಜೋಕರನನ್ನು ಕಂಡಿದ್ದರು. ಇಬ್ಬರು ಜೊತೆಯಾಗಿ ಮಾತನಾಡುತ್ತ ಬಂದವರಲ್ಲಿ ನೂರಕ್ಕೆ 71 ಜನ ಕಂಡಿದ್ದರು. ಮಾತು ಎರಡು ಕಡೆಯೂ ಇತ್ತು, ಹಾಗಾದರೆ ವ್ಯತ್ಯಾಸ ಎಲ್ಲಿ ಬಂತು? ಪಕ್ಕದಲ್ಲಿ ನಡೆಯುವವನು ನಿಮ್ಮ ದಾರಿಯನ್ನೇ ನಡೆಯುತ್ತಿರುತ್ತಾನೆ. ಗಾಡಿ ಬಂದರೆ ಅವನಿಗೂ ಕಾಣುತ್ತದೆ, ಅವನೇ ಮಾತು ನಿಲ್ಲಿಸಿ ತೋಳು ಹಿಡಿದು ಈಚೆಗೆ ಎಳೆಯುತ್ತಾನೆ. ಫೋನಿನ ಆಚೆಗಿರುವವನು ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಾನೆ, ನಿಮ್ಮ ಮುಂದೆ ಬಂದ ಟ್ರ್ಯಾಕ್ಟರ್ ಅವನಿಗೆ ಕಾಣದು. ಶರಣಸಂಗವೆಂದರೆ ಏನು ಎಂದು ಕೇಳುವ ಹುಡುಗರಿಗೆ ಇದಕ್ಕಿಂತ ಸರಳವಾದ ಉದಾಹರಣೆ ಸಿಗಲಾರದು.

ಇನ್ನು ಕೆಲವರದು ಬೇರೆಯೇ ಸಮಜಾಯಿಷಿ. “ನಾವೇನು ಸಿನಿಮಾ ನೋಡತೀವೇನ್ರಿ? ಅಪ್ಪಗಳ ಪ್ರವಚನಾನ ಕೇಳಕೋತ ಹೋಗತೀವಿ.” ಪ್ರವಚನ ಕೇಳುವುದು ಪುಣ್ಯ, ಸಂಶಯವಿಲ್ಲ. ಆದರೆ ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ನೆನೆಯಿರಿ. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ನೆಲದ ಮೇಲೆ ಕಣ್ಣಿಟ್ಟು, ಕಾಳಿನಿಂದ ಕಾಳಿಗೆ ನಡೆಯುವ ಕಾಯಕವದು. ಒಂದು ದಿನ ಅವರು ಪ್ರಭುದೇವರೊಡನೆ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ ಪತ್ನಿ ಲಕ್ಕಮ್ಮನವರು ಕಾಯಕದ ಹೊತ್ತನ್ನು ನೆನಪಿಸಿ ಎಬ್ಬಿಸಿದರು. ಅಲ್ಲಿ ನಡೆದಿದ್ದುದು ಹರಟೆಯಲ್ಲ, ಸಾಕ್ಷಾತ್ ಅಲ್ಲಮರ ಸನ್ನಿಧಿಯ ಅನುಭಾವ! ಅಂಥ ಮಾತೇ ಕಾಯಕದ ಹೊತ್ತಿಗೆ ನಿಲ್ಲಬೇಕಾದರೆ, ರಸ್ತೆ ದಾಟುವ ಹೊತ್ತಿಗೆ ಕಿವಿಯಲ್ಲಿನ ಪ್ರವಚನ ನಿಲ್ಲಬಾರದೆ? ನಡೆಯುವಾಗ ನಡೆಯುವುದೇ ಕಾಯಕ. ಪ್ರವಚನವನ್ನು ಮನೆಗೆ ಬಂದು, ಕೈಕಾಲು ತೊಳೆದುಕೊಂಡು, ನಾಲ್ಕು ಜನ ಕುಳಿತು ಕೇಳಿರಿ.

ಇದು ಪಟ್ಟಣದವರ ಸಮಸ್ಯೆ ಎಂದು ಒಕ್ಕಲು ಮಕ್ಕಳು ತಿಳಿಯಬಾರದು. ಕಬ್ಬಿನ ಹಂಗಾಮಿನಲ್ಲಿ ನಮ್ಮ ಊರ ದಾರಿಗಳಲ್ಲಿ ಒಂದರ ಹಿಂದೊಂದು ಎರಡು ಟ್ರಾಲಿ ಜೋಡಿಸಿದ ಟ್ರ್ಯಾಕ್ಟರುಗಳು ಹಗಲು ರಾತ್ರಿ ಓಡುತ್ತವೆ. ಚಾಲಕ ಟೇಪು ಜೋರಾಗಿ ಹಚ್ಚಿರುತ್ತಾನೆ, ನಡೆಯುವವನು ಕಿವಿಗೆ ತಂತಿ ಹಾಕಿರುತ್ತಾನೆ. ಮೊದಲ ಟ್ರಾಲಿ ದಾಟಿತೆಂದು ರಸ್ತೆಗೆ ಇಳಿದವನಿಗೆ ಎರಡನೆಯದು ಬಂದು ತಗಲುತ್ತದೆ. ಹೊಲದ ಮಾತೂ ಹಾಗೆಯೇ. ತ್ರಿಫೇಸ್ ಕರೆಂಟು ಬಹಳ ಸಲ ರಾತ್ರಿಯೇ ಬರುತ್ತದೆ. ಮೋಟಾರಿನ ಸಂದೇಶ ನೋಡುತ್ತ ಬದುವಿನ ಮೇಲೆ ನಡೆಯುವುದು ರೂಢಿಯಾಗಿದೆ. ಕತ್ತಲೆಗೆ ಹೊಂದಿಕೊಂಡ ಕಣ್ಣು ಒಮ್ಮೆ ಆ ಬಿಳಿಯ ಬೆಳಕನ್ನು ನೋಡಿದರೆ ಮತ್ತೆ ಪೂರ್ತಿಯಾಗಿ ಹೊಂದಿಕೊಳ್ಳಲು ಇಪ್ಪತ್ತು–ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತು ಬಾವಿಯ ಅಂಚೂ ಅಷ್ಟಾಗಿ ಕಾಣದು, ಹಾವೂ ಕಾಣದು. ಬ್ಯಾಟರಿಯನ್ನು ಹಿಡಿದು ನೆಲಕ್ಕೆ ಬೆಳಕು ಬಿಡುವುದು ಬೇರೆ, ಪರದೆಯ ಬೆಳಕನ್ನು ಮೋರೆಗೆ ಹಿಡಿದುಕೊಳ್ಳುವುದು ಬೇರೆ. ಸೊಲ್ಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿಯ ಧಾರಣೆ ನೋಡುತ್ತ ಲಾರಿಗಳ ಹಿಂದೆ ನಡೆಯುವ ವ್ಯಾಪಾರಸ್ಥರಿಗೂ ಇದೇ ಮಾತು. ಲಾರಿ ಹಿಂದಕ್ಕೆ ಬರುವಾಗ ಚಾಲಕನಿಗೆ ನೀವು ಕಾಣುವುದಿಲ್ಲ. ಧಾರಣೆ ಹತ್ತು ರೂಪಾಯಿ ಇಳಿದರೂ ಏರಿದರೂ ಅಂಗಡಿಯ ಗಾದಿಯ ಮೇಲೆ ಕುಳಿತು ನೋಡಿದರೆ ಅಷ್ಟೇ ಇರುತ್ತದೆ.

ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವನ್ನು ಈ ಪ್ರಸಂಗಕ್ಕೆ ತಂದು ನೋಡಬೇಕು. ನಾನು ಎಲ್ಲರ ಭೃತ್ಯ, ನನ್ನಿಂದ ಯಾರಿಗೂ ನೋವಾಗಬಾರದು ಎಂಬ ಭಾವವದು. ರಸ್ತೆಯಲ್ಲಿ ನಾವು ಮೈಮರೆತರೆ ಹೋಗುವುದು ನಮ್ಮ ಜೀವ ಮಾತ್ರವೆಂದು ಭಾವಿಸುತ್ತೇವೆ. ಆ ಗಾಡಿಯ ಚಾಲಕನೂ ಒಬ್ಬ ಕಾಯಕದವನು. ಅಂಬಿಗರ ಚೌಡಯ್ಯನವರು ನದಿ ದಾಟಿಸಿದಂತೆ ಅವನು ಜನರನ್ನು, ಸರಕನ್ನು ದಾಟಿಸುತ್ತಾನೆ. ತಪ್ಪಿಲ್ಲದೆ ಬಂದವನ ಗಾಡಿಯ ಕೆಳಗೆ ನಾವು ಹೋಗಿ ಬಿದ್ದರೆ ಅವನು ಬದುಕಿರುವ ತನಕ ಆ ಗಳಿಗೆಯನ್ನು ಹೊತ್ತು ತಿರುಗಬೇಕು. ಠಾಣೆ, ಕೋರ್ಟು, ಊರವರ ಹೊಡೆತ ಬೇರೆ. ಒಬ್ಬ ನಿರಪರಾಧಿಯ ತಲೆಯ ಮೇಲೆ ಅಂಥ ಭಾರ ಹೊರಿಸುವುದು ಭೃತ್ಯಾಚಾರವಲ್ಲ.

ಮನೆಯವರ ಮಾತನ್ನೂ ಮುಚ್ಚಿಡದೆ ಹೇಳಬೇಕು. ಗುದ್ದಿದ ಗಾಡಿ ಯಾವುದೆಂದು ಗೊತ್ತಾಗದೆ ಹೋದರೆ ಸತ್ತವರ ಕುಟುಂಬಕ್ಕೆ ಸರ್ಕಾರದ ಯೋಜನೆಯಲ್ಲಿ ಸಿಗುವುದು 2 ಲಕ್ಷ ರೂಪಾಯಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೊತ್ತವಿದು, ಅದಕ್ಕೂ ಮೊದಲು ಇನ್ನೂ ಕಡಿಮೆ ಇತ್ತು. ಭಾರಿ ಗಾಯವಾದರೆ 50,000. ಈ ಸಂಗತಿ ನಮ್ಮ ಬಹಳಷ್ಟು ಭಕ್ತರಿಗೆ ತಿಳಿದಿಲ್ಲವಾದ್ದರಿಂದ ಬರೆದಿದ್ದೇನೆ. ಅಂಥ ಆಪತ್ತು ಬಂದ ಮನೆಯವರು ಪೊಲೀಸರ ಮೊದಲ ವರದಿಯ ಪ್ರತಿ ಇಟ್ಟುಕೊಂಡು ಅರ್ಜಿ ಕೊಡಬೇಕು. ದುಡಿಯುವ ಮಗನ ಜಾಗಕ್ಕೆ 2 ಲಕ್ಷ! ಯಾವ ಖಾತೆಯಲ್ಲಿ ಈ ಜಮಾ ಬರೆಯುವುದು?

ಹಾಗೆಂದು ಎಲ್ಲ ತಪ್ಪನ್ನೂ ನಡೆಯುವವನ ಮೇಲೆಯೇ ಹೊರಿಸುವುದೂ ಅನ್ಯಾಯ. ನಮ್ಮ ತಾಲೂಕು ಊರುಗಳಲ್ಲಿ ಫುಟ್‌ಪಾತು ಎಂಬುದು ಎಷ್ಟು ಕಡೆ ಇದೆ? ಇದ್ದ ಕಡೆಯೂ ಅದರ ಮೇಲೆ ಅಂಗಡಿಯ ಸಾಮಾನು ಇರುತ್ತದೆ. ಆ ಅಂಗಡಿಗಳಲ್ಲಿ ನಮ್ಮ ಭಕ್ತರವೂ ಉಂಟು ಎಂಬುದನ್ನು ಹೇಳದೆ ಇರಲಾರೆ. ಪಾದಚಾರಿಗೆ ನಡೆಯಲು ಸುರಕ್ಷಿತ ಮಾರ್ಗವಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆ ಎಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ಗ್ರಾಮಸಭೆಯಲ್ಲಿ, ನಗರಪಾಲಿಕೆಯಲ್ಲಿ ಕುಳಿತ ನಮ್ಮ ಮುಖಂಡರು ಈ ಮಾತನ್ನು ಎತ್ತಬೇಕು. ಬೇರೆ ದೇಶಗಳಲ್ಲಿ ನಡೆಯುವವರ ಮೇಲೂ ಕಾಯಿದೆ ಬಂದಿದೆ. ಅಮೇರಿಕೆಯ ಹೊನೊಲುಲುವಿನಲ್ಲಿ ಫೋನ್ ನೋಡುತ್ತ ರಸ್ತೆ ದಾಟಿದರೆ 2017ರಿಂದ ದಂಡವಿದೆ. ಜಪಾನಿನ ಯಮಾಟೊ ಎಂಬ ಊರಿನವರು 2020ರಲ್ಲಿ ಮಾಡಿದ ಕಟ್ಟಳೆ ನನಗೆ ಹೆಚ್ಚು ಹಿಡಿಸಿತು. ನಡೆಯುತ್ತ ಫೋನ್ ನೋಡಬಾರದು, ನೋಡಬೇಕಾದರೆ ಪಕ್ಕಕ್ಕೆ ನಿಂತು ನೋಡಬೇಕು ಎಂದು ಅದು ಹೇಳುತ್ತದೆ. ದಂಡವಿಲ್ಲ, ಶಿಕ್ಷೆಯಿಲ್ಲ. ದಂಡವಿಲ್ಲದ ನೇಮವನ್ನು ಪಾಲಿಸುವುದಕ್ಕೇ ನಮ್ಮಲ್ಲಿ ವ್ರತ ಎನ್ನುವುದು.

ಅವಧಾನದ ನಡಿಗೆ ಹೇಗಿರುತ್ತದೆಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಸಂಕ್ರಾಂತಿಯ ದಿನಗಳಲ್ಲಿ ಸೊಲ್ಲಾಪುರದ ಶ್ರೀ ಸಿದ್ಧರಾಮೇಶ್ವರರ ಯಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಸಿದ್ಧರಾಮೇಶ್ವರರು ಪ್ರತಿಷ್ಠಾಪಿಸಿದ 68 ಲಿಂಗಗಳ ದರ್ಶನ ಮಾಡಿಸುವ ಮೆರವಣಿಗೆಯದು. ಎರಡಾಳಿಗಿಂತ ಎತ್ತರದ ಆ ಧ್ವಜವನ್ನು ಸೊಂಟದ ಪಟ್ಟಿಗೆ ಊರಿ ಒಬ್ಬನೇ ಶರಣ ಹೊತ್ತು ನಡೆಯುತ್ತಾನೆ. ಅವನ ಕಣ್ಣು, ತೋಳು, ಅಂಗಾಲು ಮೂರೂ ಒಂದೇ ಕೆಲಸದಲ್ಲಿರುತ್ತವೆ. ಗಾಳಿ ಒಂದಿಷ್ಟು ಬೀಸಿದರೂ ಅವನಿಗೆ ತಿಳಿಯುತ್ತದೆ. ಸುತ್ತಲೂ ಸಾವಿರ ಜನ ಫೋನ್ ಎತ್ತಿ ಹಿಡಿದು ಅವನ ಚಿತ್ರ ತೆಗೆಯುತ್ತಿರುತ್ತಾರೆ, ಅವನಿಗೆ ಮಾತ್ರ ಬೇಕಾದದ್ದು ಮುಂದಿನ ಹೆಜ್ಜೆ. ಅವನನ್ನು ನೋಡಿ ಕೈಮುಗಿಯುತ್ತೇವಲ್ಲ, ನಾವು ಕೈಮುಗಿಯುವುದು ಆ ಅವಧಾನಕ್ಕೇ.

ಶ್ರೀಶೈಲದ ಹಾದಿಯಲ್ಲಿ ನಲ್ಲಮಲದ ಕಾಡು ಹೊಕ್ಕ ಮೇಲೆ ಕಲ್ಲುದಾರಿಯೇ ನಡಿಗೆಯನ್ನು ಕಲಿಸುತ್ತದೆ. ನಾಗಲೂಟಿ, ಪೆಚ್ಚೆರುವು, ಭೀಮನ ಕೊಳದ ಏರಿಳಿತದಲ್ಲಿ ಹೆಜ್ಜೆ ನೋಡದೆ ನಡೆದವರು ಯಾರೂ ಇಲ್ಲ. ಅಪಾಯವಿರುವುದು ಅದಕ್ಕೂ ಮೊದಲಿನ ಹೆದ್ದಾರಿಗಳಲ್ಲಿ. ಬಿಸಿಲಿಗೆ ಅಂಜಿ ನಾವು ನಸುಕಿನಲ್ಲಿಯೂ ರಾತ್ರಿಯಲ್ಲಿಯೂ ನಡೆಯುತ್ತೇವೆ, ನಿದ್ದೆ ಬರಬಾರದೆಂದು ಫೋನ್ ತೆಗೆಯುತ್ತೇವೆ. ಆದಕಾರಣ ಚರ್ಚೆಯ ಕೊನೆಗೆ ಪರಮಪೂಜ್ಯರ ಸಮ್ಮುಖದಲ್ಲಿ ಈ ಕೆಳಗಿನಂತೆ ನಿಶ್ಚಯಿಸಲಾಗಿದೆ.

ಈ ವರ್ಷದ ಪಾದಯಾತ್ರಿಗಳು ಕಂಬಿಯ ಹಿಂದೆ ಇಬ್ಬಿಬ್ಬರ ಜೋಡಿಯಾಗಿ, ಎದುರಿನ ಗಾಡಿಗಳು ಕಾಣುವಂತೆ ರಸ್ತೆಯ ಬಲಬದಿಯ ಅಂಚಿನಲ್ಲಿ ನಡೆಯತಕ್ಕದ್ದು. ಸಾಲಿನ ಮುಂದಿನವರೂ ಹಿಂದಿನವರೂ ಬೆಳಕಿಗೆ ಹೊಳೆಯುವ ಪಟ್ಟಿಯ ಜಾಕೀಟು ತೊಟ್ಟು, ಕೈಯಲ್ಲಿ ಬ್ಯಾಟರಿ ಹಿಡಿಯತಕ್ಕದ್ದು. ನಡೆಯುವಾಗ ಫೋನ್ ಚೀಲದಲ್ಲಿರಬೇಕು. ಗಂಟೆಗೊಮ್ಮೆ ಸಾಲು ರಸ್ತೆ ಬಿಟ್ಟು ಇಳಿದು ಕೂರುತ್ತದೆ, ಆಗ ಮನೆಗೆ ಮಾತನಾಡಬಹುದು, ಚಿತ್ರ ತೆಗೆಯಬಹುದು. ತುರ್ತು ಕರೆಗಳಿಗಾಗಿ ದಾಸೋಹದ ಗಾಡಿಯಲ್ಲಿ ಒಂದು ಫೋನ್ ಸದಾ ಚಾಲೂ ಇರುತ್ತದೆ. ಅದರ ನಂಬರನ್ನು ಪ್ರತಿ ಮನೆಗೂ ಬರೆದು ಕೊಡಲಾಗುವುದು. ಬಾಯಿ ಕಟ್ಟಲು ದಾರವಿರುವ ಬಟ್ಟೆಯ ಸಣ್ಣ ಚೀಲಗಳನ್ನು ಹೊಲಿದು ಕೊಡಲು ಅಕ್ಕನ ಬಳಗದ ತಾಯಂದಿರು ಒಪ್ಪಿಕೊಂಡಿದ್ದಾರೆ. ಎಷ್ಟು ಚೀಲ ಬೇಕೆಂದು ಅವರಿಗೆ ಮುಂಗಡ ತಿಳಿಸಬೇಕಾಗಿರುವುದರಿಂದ, ಯಾತ್ರೆಗೆ ಬರುವವರು ಶಿವರಾತ್ರಿಯೊಳಗಾಗಿ ಶ್ರೀಮಠದ ಕಚೇರಿಯಲ್ಲಿ ತಮ್ಮ ಹೆಸರನ್ನೂ ಜೊತೆಗೆ ನಡೆಯುವ ಜೋಡಿಯವರ ಹೆಸರನ್ನೂ ಬರೆಸಬೇಕು.